ನಟ್ಟಿನ ಸದ್ದು ಕೇಳುವ ಹಸನಬ್ಬ

ಬೆಳಗ್ಗೆ ಐದೂಕಾಲು. ಕಂಕನಾಡಿಯ ಮಾರುಕಟ್ಟೆಗೆ ಮೀನಿನ ಬುಟ್ಟಿಗಳು ಇನ್ನೂ ಬಂದಿಲ್ಲ. ರಸ್ತೆ ಪಕ್ಕದ ಬಯಲಿನಲ್ಲಿ ಸಾಲಾಗಿ ನಿಂತ ಬಸ್ಸುಗಳ ನಡುವೆ ಒಂದು ಲಾಟೀನು ನೆಲಮಟ್ಟದಲ್ಲಿ ಮೆಲ್ಲನೆ ಸರಿಯುತ್ತಿದೆ. ಅದರ ಜೊತೆಗೇ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಕೇಳಿಸುತ್ತದೆ. ಎಂಟು ಸಲ ಕೇಳಿಸಿ ನಿಲ್ಲುತ್ತದೆ. ಲಾಟೀನು ಮುಂದಿನ ಗಾಲಿಗೆ ಹೋಗುತ್ತದೆ.

ಲಾಟೀನು ಹಿಡಿದವರು ಹಸನಬ್ಬ. ವಯಸ್ಸು ಐವತ್ತಮೂರು. ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ ಲುಂಗಿ, ತಲೆಗೆ ಸುತ್ತಿದ ಬೈರಾಸು, ಬಲಗೈಯಲ್ಲಿ ಒಂದು ಸಣ್ಣ ಸುತ್ತಿಗೆ. ಗಾಲಿಯನ್ನು ಬಿಗಿದಿರುವ ನಟ್ಟುಗಳನ್ನು ಒಂದೊಂದಾಗಿ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಾರೆ. ಬಿಗಿಯಾಗಿರುವ ನಟ್ಟಿನ ಸದ್ದು ಸ್ಪಷ್ಟವಾಗಿರುತ್ತದೆ, ಸಡಿಲಾದದ್ದು ಮಂಕಾಗಿ ಕೇಳಿಸುತ್ತದೆ. ಅವರ ಬಗ್ಗೆ ಬರೆಯಲು ಬಂದ ನನ್ನ ಕಿವಿಗೆ ಎರಡೂ ಒಂದೇ. ಹಸನಬ್ಬ ಮಾತ್ರ ಆರನೆಯ ಬಸ್ಸಿನ ಎಡಗಡೆಯ ಹಿಂದಿನ ಗಾಲಿಯ ಹತ್ತಿರ ನಿಂತುಬಿಡುತ್ತಾರೆ. ಮತ್ತೊಮ್ಮೆ ತಟ್ಟುತ್ತಾರೆ. ಲಾಟೀನನ್ನು ನೆಲಕ್ಕಿಟ್ಟು ಬೆರಳಿನಿಂದಲೇ ನಟ್ಟನ್ನು ತಿರುಗಿಸುತ್ತಾರೆ. ಅದು ತಿರುಗುತ್ತದೆ.

ಹಲ್ಲುಜ್ಜುತ್ತ ಬಂದ ಡ್ರೈವರ್ ಗುಣಪಾಲ ಕೇಳುತ್ತಾರೆ: "ಎಂತ ಹಸನಾಕ, ಏನಾದ್ರೂ ಉಂಟಾ?"

"ಉಂಟು. ಮೂರು ನಟ್ಟು ಕೈಯಲ್ಲಿ ತಿರುಗ್ತದೆ. ನಿನ್ನೆ ಗ್ಯಾರೇಜಿಗೆ ಹೋಗಿತ್ತಾ ಈ ಬಸ್ಸು?"

"ಹೋಗಿತ್ತು. ಪಂಕ್ಚರ್ ತೆಗೆದು ಗಾಲಿ ಹಾಕಿ ಕೊಟ್ಟಿದ್ದಾರಲ್ಲ."

"ಹಾಕಿದ್ದಾರೆ. ಬಿಗಿ ಮಾಡ್ಲಿಲ್ಲ ಮಾರಾಯ."

ಗುಣಪಾಲ ಬಾಯಿಯ ನೊರೆ ಉಗುಳಿ, ಬಸ್ಸಿನೊಳಗಿನಿಂದ ಉದ್ದನೆಯ ಸ್ಪ್ಯಾನರ್ ತಂದುಕೊಡುತ್ತಾರೆ. ಹಸನಬ್ಬ ಒಂದು ನಟ್ಟು ಬಿಗಿದ ಮೇಲೆ ಅದರ ಪಕ್ಕದ್ದಕ್ಕೆ ಹೋಗುವುದಿಲ್ಲ, ಎದುರಿನದಕ್ಕೆ ಹೋಗುತ್ತಾರೆ. ಹಾಗೆ ಮಾಡಿದರೆ ಮಾತ್ರ ಗಾಲಿ ಎಲ್ಲ ಕಡೆಯಿಂದಲೂ ಸಮನಾಗಿ ಕೂರುತ್ತದಂತೆ. ಕೆಲಸ ಮುಗಿಸಿ ಏಳುವಾಗ ಸೊಂಟ ಹಿಡಿದುಕೊಳ್ಳುತ್ತಾರೆ. ಗುಣಪಾಲ ಅವರ ಭುಜಕ್ಕೆ ಕೈಕೊಟ್ಟು ಎಬ್ಬಿಸುತ್ತಾರೆ. ಇನ್ನು ಅರ್ಧ ಗಂಟೆಯಲ್ಲಿ ಈ ಬಸ್ಸು ಪಡೀಲಿನ ದಾರಿ ಹಿಡಿದು ಬಂಟ್ವಾಳಕ್ಕೆ ಹೊರಡುತ್ತದೆ. ಒಳಗೆ ಕೂರುವವರಿಗೆ ಈ ಮೂರು ನಟ್ಟುಗಳ ಸುದ್ದಿ ಗೊತ್ತಾಗುವುದಿಲ್ಲ.

ಡ್ರೈವರುಗಳಿಗೆ ಅವರು ಹಸನಾಕ, ಅಂದರೆ ಹಸನಣ್ಣ; ಉಳಿದವರಿಗೆ, ಈ ಕರಾವಳಿಯ ಮುಸ್ಲಿಮರನ್ನು ಕರೆಯುವಂತೆ, ಬರೀ ಬ್ಯಾರಿ. ಹಸನಬ್ಬ ಯಾವ ಬಸ್ ಕಂಪೆನಿಯ ನೌಕರರೂ ಅಲ್ಲ. ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿಲ್ಲ. ದಿನಕ್ಕೆ ಹದಿನಾಲ್ಕು ಬಸ್ಸು, ಬಸ್ಸೊಂದಕ್ಕೆ ಮೂವತ್ತೆರಡು ನಟ್ಟು, ಒಟ್ಟು ನಾನೂರ ನಲವತ್ತೆಂಟು. ೧೯೫೮ರಿಂದ ಈವರೆಗೆ, ಹತ್ತು ವರ್ಷ, ಹೀಗೆ ನಡೆದಿದೆ. ಜ್ವರ ಬಂದಾಗ ಮತ್ತು ಎರಡು ಹಬ್ಬಗಳ ಬೆಳಗ್ಗೆ ಮಾತ್ರ ರಜೆ. ಏಳು ಗಂಟೆಗೆ ಅವರು ತಮ್ಮ ಸ್ವಂತ ಅಂಗಡಿಗೆ ಹೋಗುತ್ತಾರೆ. ಅಂಗಡಿಯೆಂದರೆ ರಸ್ತೆಯಂಚಿನ ಗೋಳಿಮರಕ್ಕೆ ತಾಗಿಸಿ ಕಟ್ಟಿದ ತಗಡಿನ ಮಾಡು, ಒಂದು ಕೈಪಂಪು, ಟ್ಯೂಬು ಮುಳುಗಿಸಿ ನೋಡುವ ಕಲ್ಲಿನ ಮರಿಗೆ. ಸೈಕಲ್, ಕಾರು, ಲಾರಿ ಎಲ್ಲದರ ಪಂಕ್ಚರೂ ಅಲ್ಲಿ ಆಗುತ್ತದೆ.

ಅಲ್ಲಿಗೆ ಬರುವ ಗಾಲಿಗಳನ್ನು ನೋಡಿದರೆ ಹಸನಬ್ಬನವರಿಗೆ ಸಂಕಟವಾಗುತ್ತದೆ. ನಾನು ಕುಳಿತಿದ್ದ ಒಂದೇ ಬೆಳಗ್ಗೆ ಮೂರು ಗಾಲಿ ಬಂದವು. ಒಂದರಲ್ಲಿ ಟ್ಯೂಬು ಮಡಚಿಕೊಂಡೇ ಟೈರಿನೊಳಗೆ ಸೇರಿ, ಮಡಿಕೆಯ ಜಾಗದಲ್ಲೇ ಸೀಳಿತ್ತು. ಇನ್ನೊಂದರಲ್ಲಿ ಟೈರು ಬಿಚ್ಚಲು ಯಾರೋ ಕಬ್ಬಿಣದ ಸಲಾಕೆ ಹಾಕಿ ಜಗ್ಗಿ, ಗಾಲಿಯ ಅಂಚನ್ನೇ ಬಗ್ಗಿಸಿದ್ದರು. ಮೂರನೆಯದು ಲಾರಿಯದು. ಅದರ ಒಂದು ಬೋಲ್ಟಿನ ತಿರುಪಿನ ಸುತ್ತು ಪೂರ್ತಿ ಸವೆದುಹೋಗಿತ್ತು.

"ಇದನ್ನು ನೋಡಿ ಸಾರ್," ಎಂದು ಆ ಬೋಲ್ಟನ್ನು ನನ್ನ ಅಂಗೈಯಲ್ಲಿ ಇಟ್ಟರು. "ಈ ಲಾರಿಯಲ್ಲಿ ಎಡಗಡೆ ಗಾಲಿಯ ನಟ್ಟನ್ನು ಉಲ್ಟಾ, ಎಡಕ್ಕೆ ತಿರುಗಿಸಿ ಬಿಗಿಯಬೇಕು. ಕಂಪೆನಿಯವರೇ ಹಾಗೆ ಮಾಡಿದ್ದು, ಓಡುವಾಗ ಬಿಚ್ಚಿಕೊಳ್ಳಬಾರದು ಅಂತ. ಗ್ಯಾರೇಜಿನವನಿಗೆ ಅದು ಗೊತ್ತಿಲ್ಲ. ಗೊತ್ತಿಲ್ಲದಿದ್ರೆ ಕೇಳ್ಬೇಕಲ್ವಾ? ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರು ನಿಂತು ಜಗ್ಗಿದ್ದಾರೆ. ಬಿಗಿ ಆಗ್ಲಿಲ್ಲ, ಬೋಲ್ಟು ಸತ್ತಿತು. ಎಂತಕ್ಕೆ ಹೀಗೆ ಅಂತ ಕೇಳಿದ್ರೆ, ಓಡ್ತದೆ ಬಿಡಿ ಬ್ಯಾರಿ ಅಂತಾರೆ. ಓಡ್ತದೆ, ನಾನೂ ಒಪ್ತೇನೆ. ನಿಲ್ಲುವುದು ಎಲ್ಲಿ ಅಂತ ಅವರು ಹೇಳುವುದಿಲ್ಲ."

ಗ್ಯಾರೇಜುಗಳ ಮೇಲೆ ಅವರ ದೂರು ಮುಗಿಯುವಂಥದ್ದಲ್ಲ. ಗಾಲಿ ಹಾಕಿದ ಮೇಲೆ ನಾಲ್ಕೈದು ಮೈಲು ಓಡಿಸಿ ಇನ್ನೊಮ್ಮೆ ಬಿಗಿಯಬೇಕು, ಯಾರೂ ಬಿಗಿಯುವುದಿಲ್ಲ. ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡಬೇಕು, ಯಾರೂ ಬಗ್ಗುವುದಿಲ್ಲ. ಆದರೆ ಇಷ್ಟೆಲ್ಲ ಹೇಳುವಾಗ ಅವರ ದನಿ ಏರುವುದಿಲ್ಲ. ಬೈಯುವವರ ಬಿರುಸು ಅದರಲ್ಲಿಲ್ಲ. ಅದೇಕೆಂದು ನನಗೆ ತಿಳಿದದ್ದು ಎರಡನೆಯ ದಿನ. ಅಂದು ಕೆಲಸವಿಲ್ಲದ ಒಂದು ಗಳಿಗೆಯಲ್ಲಿ ಅವರು ತಾವಾಗಿಯೇ ಹೇಳಿದರು: "ಬೇರೆಯವರಿಗೆ ಹೇಳ್ಲಿಕ್ಕೆ ನನಗೆ ಬಾಯಿಲ್ಲ ಸಾರ್. ಎಲ್ಲರಿಗಿಂತ ದೊಡ್ಡ ತಪ್ಪು ಮಾಡಿದವನು ನಾನು."

ಹಸನಬ್ಬ ಈ ಕಸುಬಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳು ಅವು. ಬಸ್ಸಿನ ಬೆನ್ನಿಗಿದ್ದ ಒಲೆಗೆ ಇದ್ದಿಲು ತುಂಬುವ ಕೆಲಸದಿಂದ ಶುರುಮಾಡಿ, ಟೈರಿನ ಕೆಲಸ ಕಲಿತರು. ೧೯೫೦ರ ಹೊತ್ತಿಗೆ ಒಂದು ಬಸ್ ಕಂಪೆನಿಯ ಕಂಕನಾಡಿ ಶೆಡ್ಡಿನಲ್ಲಿ ಗಾಲಿಗಳ ಜವಾಬ್ದಾರಿಯೆಲ್ಲ ಅವರದೇ ಆಯಿತು. ಆ ಕಂಪೆನಿ ಈಗ ಇಲ್ಲ. ಹಸನಬ್ಬ ಕೈಯಿಟ್ಟ ಗಾಲಿಯೆಂದರೆ ಡ್ರೈವರುಗಳು ತಿರುಗಿ ನೋಡದೆ ಬಸ್ಸು ಹತ್ತುತ್ತಿದ್ದರು. "ಅದೇ ಹಾಳು ಮಾಡಿದ್ದು," ಎನ್ನುತ್ತಾರೆ ಅವರು. "ಯಾರೂ ನೋಡುವುದಿಲ್ಲ ಅಂತ ಆದ ಮೇಲೆ ನಾನೂ ಎರಡನೇ ಸಲ ನೋಡುವುದನ್ನು ಬಿಟ್ಟೆ."

೧೯೫೫ರ ನವೆಂಬರ್, ದೀಪಾವಳಿಯ ಮುಂಚಿನ ದಿನ. ಊರಿಗೆ ಹೋಗುವವರ ನೂಕುನುಗ್ಗಲು. ಮಧ್ಯಾಹ್ನ ಎರಡು ಗಂಟೆಗೆ ಬಂಟ್ವಾಳದಿಂದ ಬಂದ ಬಸ್ಸಿನ ಎಡಗಡೆಯ ಹಿಂದಿನ ಟೈರು ಪಂಕ್ಚರಾಗಿತ್ತು. ಮೂರು ಗಂಟೆಗೆ ಅದೇ ಬಸ್ಸು ತಿರುಗಿ ಹೊರಡಬೇಕು. ಹಸನಬ್ಬ ಜೋಡಿ ಗಾಲಿಗಳನ್ನು ಕೂರಿಸಿ, ನಟ್ಟುಗಳನ್ನು ಕೈಯಿಂದ ತಿರುಗಿಸಿ ಹಿಡಿಸಿದರು. ಬಿಗಿಯಬೇಕು ಎನ್ನುವಾಗ ಮ್ಯಾನೇಜರು ಕೂಗಿದರು. ಯಜಮಾನರ ಕಾರು ಗೇಟಿನ ಹತ್ತಿರ ಟೈರಿನ ಗಾಳಿಹೋಗಿ ನಿಂತಿದೆ, ಒಳಗೆ ನೆಂಟರಿದ್ದಾರೆ, ಕೂಡಲೇ ಬರಬೇಕು. ಹಸನಬ್ಬ ಹೋದರು. ಇಪ್ಪತ್ತು ನಿಮಿಷ ಕಳೆದು ವಾಪಸು ಬಂದಾಗ ಬಸ್ಸಿನ ಕೆಳಗಿನ ಜಾಕಿಯನ್ನು ಯಾರೋ ತೆಗೆದಿದ್ದರು. ಗಾಲಿ ನೆಲದ ಮೇಲೆ ಕೂತಿತ್ತು. ಸ್ಪ್ಯಾನರ್ ಗೋಡೆಗೆ ಒರಗಿತ್ತು.

"ಜಾಕಿ ತೆಗೆದವನು ಬಿಗಿ ಮಾಡಿಯೇ ತೆಗೆದಿರ್ತಾನೆ ಅಂದ್ಕೊಂಡೆ. ಅವನು, ಹಸನಬ್ಬ ಬಿಗಿ ಮಾಡಿ ಹೋಗಿದ್ದಾರೆ ಅಂದ್ಕೊಂಡಿದ್ದ. ಒಂದು ಮಾತು ಕೇಳಿದ್ರೆ ಸಾಕಿತ್ತು ಸಾರ್. ಬಿಗಿ ಮಾಡಿದ್ದೀಯಾ ಮಾರಾಯ ಅಂತ. ಅಷ್ಟೇ. ನಾನು ಕೇಳ್ಲಿಲ್ಲ. ಊಟ ಆಗಿರಲಿಲ್ಲ, ಬುತ್ತಿ ಬಿಚ್ಚಿ ಕೂತೆ."

ಬಸ್ಸು ಓಡಿಸಿದವರು ಸಂಕಪ್ಪ, ಕಾವೂರಿನವರು. ಹದಿನೇಳು ವರ್ಷದ ಸರ್ವಿಸಿನಲ್ಲಿ ಒಂದು ಕೋಳಿಯನ್ನೂ ಕೊಂದವರಲ್ಲ ಎಂದು ಹೆಸರಿತ್ತು. ಪಡೀಲು ದಾಟುತ್ತಿದ್ದಂತೆ ಹಿಂದಿನಿಂದ ಕಟಕಟ ಸದ್ದು ಅವರ ಕಿವಿಗೆ ಬಿತ್ತು. ವೇಗ ಇಳಿಸಿ ಬಸ್ಸನ್ನು ಅಂಚಿಗೆ ತರುವಷ್ಟರಲ್ಲಿ ಎರಡೂ ಗಾಲಿಗಳು ಕಳಚಿಕೊಂಡವು. ಬಸ್ಸು ಎಡಕ್ಕೆ ಕುಸಿದು ಗದ್ದೆಯ ಬದುವಿಗೆ ಒರಗಿ ನಿಂತಿತು. ಒಳಗಿದ್ದ ನಲವತ್ತು ಮಂದಿಗೆ ಸಣ್ಣಪುಟ್ಟ ಗಾಯ ಬಿಟ್ಟರೆ ಏನೂ ಆಗಲಿಲ್ಲ. ಆದರೆ ಕಳಚಿಹೋದ ಗಾಲಿಯೊಂದು ಉರುಳುತ್ತ ಹೋಗಿ, ಮಾರುಕಟ್ಟೆಯಲ್ಲಿ ಬಸಳೆ ಮಾರಿ ಖಾಲಿ ಬುಟ್ಟಿ ಹೊತ್ತು ಮನೆಗೆ ನಡೆಯುತ್ತಿದ್ದ ಮುದ್ದು ಎಂಬ ಹೆಂಗಸಿಗೆ ಬಡಿಯಿತು. ಅವರ ಬಲಗಾಲು ಎರಡು ಕಡೆ ಮುರಿಯಿತು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಸಾರಿಗೆ ಅಧಿಕಾರಿಗಳ ವಿಚಾರಣೆ ನಡೆಯಿತು. ಅದರ ಹಿಂದಿನ ದಿನ ಮ್ಯಾನೇಜರು ಹಸನಬ್ಬನವರನ್ನು ಒಳಗೆ ಕರೆದು ಬಾಗಿಲು ಹಾಕಿದರು. ಶೆಡ್ಡಿನ ಹೆಸರು ಕೆಟ್ಟರೆ ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತದೆ, ಬಿಗಿದಿದ್ದೆ ಎಂದು ಒಂದು ಮಾತು ಹೇಳಿದರೆ ಸಾಕು, ಡ್ರೈವರಿಗೆ ಹೆಚ್ಚೆಂದರೆ ಒಂದು ತಿಂಗಳು ರಜೆ ಎಂದರು. ಹಸನಬ್ಬನವರ ಮನೆಯಲ್ಲಿ ಆಗ ಮಗಳು ಲೈಲಾ ಹುಟ್ಟಿ ಹನ್ನೊಂದು ದಿನವಾಗಿತ್ತು. ಹೆಂಡತಿ ಖತೀಜಮ್ಮ ಬಾಣಂತಿ ಜ್ವರದಲ್ಲಿ ಮಲಗಿದ್ದರು.

"ಮರುದಿನ ಸಾಹೇಬರು ಕೇಳಿದರು, ನಟ್ಟು ಬಿಗಿದಿದ್ದಿಯಾ ಅಂತ. ಬಿಗಿದಿದ್ದೆ ಸಾರ್ ಅಂದೆ. ಎರಡು ಶಬ್ದ. ಅವರು ಬರೆದುಕೊಂಡರು."

ಸಂಕಪ್ಪನವರಿಗೆ ಸಿಕ್ಕಿದ್ದು ಒಂದು ತಿಂಗಳ ರಜೆಯಲ್ಲ. ವೇಗವಾಗಿ ಓಡಿಸಿದರು, ಹೊರಡುವ ಮುಂಚೆ ಗಾಲಿ ನೋಡಲಿಲ್ಲ ಎಂದು ಲೈಸೆನ್ಸ್ ರದ್ದಾಯಿತು, ಕಂಪೆನಿ ಕೆಲಸದಿಂದ ತೆಗೆಯಿತು. ಖಾಕಿ ಅಂಗಿ ಮಡಚಿಟ್ಟು ಅವರು ಹೊಳೆದಂಡೆಯ ಹೆಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹೆಂಚು ಹೊರುವ ಕೆಲಸಕ್ಕೆ ಸೇರಿದರು.

ಹಸನಬ್ಬ ಮೂರು ವರ್ಷ ಬಾಯಿ ಬಿಡಲಿಲ್ಲ. ಶೆಡ್ಡಿನಲ್ಲಿ ಅವರ ಹೆಸರು ಮೊದಲಿಗಿಂತ ದೊಡ್ಡದಾಯಿತು. ಮುದ್ದು ಕುಂಟುತ್ತಲೇ ಮಾರುಕಟ್ಟೆಗೆ ಬರಲಾರಂಭಿಸಿದ್ದರು. ೧೯೫೮ರಲ್ಲಿ ಒಂದು ಬೆಳಗ್ಗೆ ಮಾರುಕಟ್ಟೆಯ ಮೆಟ್ಟಿಲ ಹತ್ತಿರ ಅವರು ಹಸನಬ್ಬನವರನ್ನು ಕರೆದು, ತಲೆಯ ಬುಟ್ಟಿ ಇಳಿಸಿಕೊಡಿ ಎಂದರು. ಎದುರಿಗಿದ್ದವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಬುಟ್ಟಿ ಇಳಿಸಿದ ಮೇಲೆ ಕಾಲು ನೀವಿಕೊಳ್ಳುತ್ತ, ಆ ಡ್ರೈವರನ ಕೈ ಕೊಳೆತು ಬೀಳಲಿ, ಅವನ ಮನೆಯಲ್ಲಿ ದೀಪ ಹಚ್ಚುವವರಿಲ್ಲದೆ ಹೋಗಲಿ ಎಂದು ಶಪಿಸಿದರು. ದಿನಾ ಕಾಲು ನೋಯುವಾಗಲೆಲ್ಲ ಅವರಿಗೆ ಅದು ಅಭ್ಯಾಸವಾಗಿತ್ತು.

ಅಲ್ಲಿ ನಡೆದ ಮಾತು ತುಳುವಿನಲ್ಲಿ. ಹಸನಬ್ಬ ನನಗೆ ಅದನ್ನು ಕನ್ನಡದಲ್ಲಿ ಹೇಳಿದರು.

"ಅವನಿಗೆ ಬೈಬೇಡಿ ಅಕ್ಕ, ಅವನು ಎಂತದೂ ಮಾಡ್ಲಿಲ್ಲ, ಗಾಲಿ ಹಾಕಿದ್ದು ನಾನು, ಬಿಗಿ ಮಾಡದೆ ಬಿಟ್ಟದ್ದು ನಾನು ಅಂದೆ. ಹೊಡೀತಾರೆ ಅಂದ್ಕೊಂಡೆ. ಹೊಡೆದಿದ್ರೆ ಒಳ್ಳೆದಿತ್ತು. ಅವರು ಹೊಡೀಲಿಲ್ಲ. ಕೇಳಿದರು, ಹಾಗಾದ್ರೆ ಮೂರು ವರ್ಷ ನಾನು ಯಾರಿಗೆ ಶಾಪ ಹಾಕಿದ್ದು ಅಂತ."

ಮುದ್ದು ಅಂದು ಬಸಳೆ ಮಾರಲಿಲ್ಲ. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, "ಅವನ ಮನೆ ಎಲ್ಲಿ? ನಡೆಯಿರಿ" ಎಂದರು. ಅಪಘಾತದ ನಂತರ ಮೊದಲ ಸಲ ಬಸ್ಸು ಹತ್ತಿದರು. ಕಾವೂರಿನ ಕೆರೆಯ ಹತ್ತಿರ ಇಳಿದು ನಡೆದರು, ಹಸನಬ್ಬ ಮುಂದೆ, ಮುದ್ದು ಹಿಂದೆ. ಸಂಕಪ್ಪ ಅಂದು ಕಾರ್ಖಾನೆಗೆ ಹೋಗಿರಲಿಲ್ಲ, ಹೆಂಚು ಹೊತ್ತು ಭುಜ ಬಾತಿತ್ತು. ಅವರ ಹೆಂಡತಿ ವಾರಿಜಾಕ್ಷಿ ಬಂದವರಿಗೆ ನೀರು ಬೆಲ್ಲ ತಂದಿಟ್ಟರು. ಹಸನಬ್ಬ ನೀರು ಮುಟ್ಟದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು.

ಸಂಕಪ್ಪ ಕೂಗಾಡಲಿಲ್ಲ. "ನನಗೆ ಅವತ್ತೇ ಗೊತ್ತಿತ್ತು ಬ್ಯಾರಿ," ಎಂದರಂತೆ. "ಗದ್ದೆಗೆ ಇಳಿದು ಬೋಲ್ಟು ನೋಡಿದೆ. ಒಂದೂ ತುಂಡಾಗಿರಲಿಲ್ಲ, ನಟ್ಟುಗಳು ಬಿಚ್ಚಿಕೊಂಡು ಬಿದ್ದದ್ದು. ನೀವು ಹೇಳ್ತೀರಿ ಅಂತ ವಿಚಾರಣೆಯಲ್ಲಿ ನಿಮ್ಮ ಮುಖವನ್ನೇ ನೋಡ್ತಾ ಇದ್ದೆ. ನೀವು ನೆಲ ನೋಡಿದ್ರಿ."

ಮುದ್ದು ಜಗಲಿಯಲ್ಲಿ ಕೂತು ಅತ್ತರು. ಸಂಕಪ್ಪನವರ ಕೈಯನ್ನು ಹಿಡಿದು, ಆ ಕೈಗೆ ಎಂತೆಂಥ ಮಾತು ಹೇಳಿದೆ ಎಂದು ಅತ್ತರು.

ಮಾರನೆಯ ದಿನವೇ ಹಸನಬ್ಬ ವಿಚಾರಣೆ ನಡೆಸಿದ್ದ ಸಾರಿಗೆ ಕಚೇರಿಗೆ ಹೋಗಿ ಲಿಖಿತ ಹೇಳಿಕೆ ಕೊಟ್ಟರು. ಮೊದಲು ಸುಳ್ಳು ಹೇಳಿದ್ದಕ್ಕೆ ಸಿಗುವ ಶಿಕ್ಷೆಗೂ ಸಿದ್ಧ ಎಂದು ಅದರಲ್ಲಿ ಬರೆಸಿದರು. ಶೆಡ್ಡಿನ ಕೆಲಸ ಅದೇ ವಾರ ಹೋಯಿತು. ಖತೀಜಮ್ಮ ಆ ದಿನವನ್ನು ನೆನೆಯುತ್ತಾರೆ: "ಕೆಲಸ ಹೋಯ್ತು ಅಂತ ಬಂದು ಹೇಳಿದರು. ನನಗೆ ಬೇಜಾರು ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವತ್ತು ಅವರು ಮೂರು ವರ್ಷದಲ್ಲಿ ಮೊದಲ ಸಲ ಲೈಲಾಳನ್ನು ತೊಡೆ ಮೇಲೆ ಕೂರಿಸಿಕೊಂಡು ಊಟ ಮಾಡಿದರು."

ಆದರೆ ಸತ್ಯ ಹೇಳಿದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಅಪಘಾತವಾದಾಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಹೇಳಿಕೆ ಕೊಡುವಾಗ ಮೈಸೂರಿಗೆ ಸೇರಿತ್ತು. ಹಳೆಯ ಕಾಗದಗಳು ಸಿಕ್ಕಿ, ತೀರ್ಮಾನವಾಗಿ, ಲೈಸೆನ್ಸ್ ಸಂಕಪ್ಪನವರ ಕೈಗೆ ತಿರುಗಿ ಬರುವಾಗ ೧೯೬೦ ಮುಗಿಯುತ್ತ ಬಂದಿತ್ತು. ಐದು ವರ್ಷ ಹೆಂಚು ಹೊತ್ತ ಭುಜ ಅಷ್ಟರಲ್ಲಿ ಸೋತಿತ್ತು. ಬೇರೊಂದು ಕಂಪೆನಿ ಕರೆದು ಬಸ್ಸು ಕೊಟ್ಟಿತು. ಸಂಕಪ್ಪ ಸ್ಟೇರಿಂಗ್ ಹಿಡಿದು ಬಯಲಿನಲ್ಲಿ ಒಂದು ಸುತ್ತು ಹೊಡೆದರು. ತಿರುವಿನಲ್ಲಿ ಬಲಗೈ ಏಳಲಿಲ್ಲ. ಇಳಿದು, ಕೀ ವಾಪಸು ಕೊಟ್ಟು ಮನೆಗೆ ನಡೆದರು.

ಅವರನ್ನು ನೋಡಲು ನಾನು ಕಾವೂರಿಗೂ ಹೋಗಿದ್ದೆ. ಈಗ ಅರವತ್ತರ ಹತ್ತಿರದ ಸಂಕಪ್ಪ ಮನೆಯ ಮುಂದೆಯೇ ಬೀಡಿ, ಬೆಂಕಿಪೆಟ್ಟಿಗೆಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾರೆ. ಲೈಸೆನ್ಸನ್ನು ಇವತ್ತಿಗೂ ತಪ್ಪದೆ ನವೀಕರಿಸುತ್ತಾರೆ. ಓಡಿಸುವುದಿಲ್ಲವಲ್ಲ ಎಂದು ನಾನು ಕೇಳಿದೆ. ಒಳಗಿನಿಂದ ವಾರಿಜಾಕ್ಷಿ, "ಇರಲಿ ಅಂತ" ಎಂದಷ್ಟೇ ಹೇಳಿದರು.

ಹಸನಬ್ಬನವರನ್ನು ಕ್ಷಮಿಸಿದ್ದೀರಾ ಎಂದು ಕೇಳಬಾರದಿತ್ತೇನೋ, ಆದರೂ ಕೇಳಿದೆ. ಸಂಕಪ್ಪ ಹೇಳಿದರು:

"ಆ ಮನುಷ್ಯ ಕೆಟ್ಟವನಲ್ಲ. ಗಾಲಿ ಬಿಗಿಯದೆ ಬಿಟ್ಟದ್ದನ್ನು ನಾನು ಅವತ್ತೇ ಮನಸ್ಸಿನಿಂದ ತೆಗೆದಿದ್ದೇನೆ. ಕೆಲಸದಲ್ಲಿ ಯಾರಿಗೂ ಮರೆತುಹೋಗ್ತದೆ. ಆ ಮೂರು ವರ್ಷ ಉಂಟಲ್ಲ, ಅದನ್ನು ಎಂತ ಮಾಡುವುದು ಅಂತ ನನಗೆ ಗೊತ್ತಾಗುವುದಿಲ್ಲ. ಹಬ್ಬಕ್ಕೆ ಬರ್ತಾನೆ. ಕೂತ್ಕೊಳ್ತಾನೆ. ನಾನೂ ಕೂತ್ಕೊಳ್ತೇನೆ. ಮಾತು ಹೆಚ್ಚು ಇಲ್ಲ."

ಮುದ್ದು ತೀರಿಹೋಗಿ ನಾಲ್ಕು ವರ್ಷ. ಅಲ್ಲಿಯವರೆಗೆ, ಬಸ್ಸುಗಳ ಕೆಲಸ ಮುಗಿದ ಮೇಲೆ ಹಸನಬ್ಬ ಮಾರುಕಟ್ಟೆಯ ಮೆಟ್ಟಿಲಿಗೆ ಹೋಗಿ ಅವರ ಬುಟ್ಟಿ ಇಳಿಸಿಕೊಡುತ್ತಿದ್ದರು. ಬಸಳೆ ಚೆನ್ನಾಗಿದ್ದ ದಿನ ಮುದ್ದು ಒಂದು ಕಟ್ಟನ್ನು ಬೈಯುತ್ತಲೇ ಅವರ ಕೈಗೆ ತುರುಕುತ್ತಿದ್ದರಂತೆ.

ಬೆಳಗ್ಗೆ ಬಸ್ಸುಗಳ ನಟ್ಟು ತಟ್ಟುವ ಕೆಲಸ ಶುರುವಾದದ್ದು ಶೆಡ್ಡಿನ ಕೆಲಸ ಕಳೆದುಕೊಂಡ ವಾರದಲ್ಲೇ. ಮೊದಮೊದಲು ಬಸ್ ಕಂಪೆನಿಗಳವರು ಅವರನ್ನು ಗದರಿ ಓಡಿಸಿದರು. ನಮ್ಮಲ್ಲಿ ಫಿಟ್ಟರುಗಳಿಲ್ಲವೇ, ಬಸ್ಸು ಉರುಳಿಸಿದವನು ಈಗ ಬುದ್ಧಿ ಹೇಳಲು ಬಂದಿದ್ದಾನೆ ಎಂದು ನಕ್ಕರು. ಒಂದು ಗ್ಯಾರೇಜಿನವರು ಅವರ ಲಾಟೀನನ್ನು ಒಡೆದರು. ಹಸನಬ್ಬ ಮರುದಿನ ಬೇರೆ ಲಾಟೀನು ತಂದರು. ಈಗ ಓಡಿಸುವವರಿಲ್ಲ. ಡ್ರೈವರುಗಳು ಚಾ ಕುಡಿಸುತ್ತಾರೆ, ಹಸನಾಕ ಬರುವವರೆಗೆ ಬಸ್ಸು ಹೊರಡಿಸದವರೂ ಇದ್ದಾರೆ.

ಆದರೆ ಅವರ ಕೊರಗು ಬೇರೆ. "ಈಗ ಗ್ಯಾರೇಜಿನವರು ಎಂತ ಹೇಳ್ತಾರೆ ಗೊತ್ತುಂಟಾ ಸಾರ್? ಬೆಳಗ್ಗೆ ಹೇಗೂ ಬ್ಯಾರಿ ನೋಡ್ತಾನೆ, ಬಿಡು ಅಂತಾರೆ. ನಾನು ಮಾಡಿದ್ದು ಒಳ್ಳೆದಕ್ಕಾ, ಕೆಟ್ಟದಕ್ಕಾ ಅಂತ ಕೆಲವು ಸಲ ತಲೆ ಕೆಡ್ತದೆ. ನಾನಿಲ್ಲದ ದಿನ ಯಾರು ತಟ್ಟಿ ನೋಡ್ತಾರೆ?" ಅದಕ್ಕಾಗಿಯೇ ಅವರು ಗ್ಯಾರೇಜುಗಳಿಗೆ ಹೋಗಿ ಒಂದು ಮಾತು ಬೇಡಿಕೊಂಡಿದ್ದಾರೆ. ಗಾಲಿ ಬಿಗಿದವನು ತನ್ನ ಹೆಸರನ್ನು ಸೀಮೆಸುಣ್ಣದಲ್ಲಿ ಟೈರಿನ ಮೇಲೆ ಬರೆಯಲಿ, ಹೆಸರಿಲ್ಲದ ಗಾಲಿಯನ್ನು ಡ್ರೈವರು ಮುಟ್ಟದಿರಲಿ. ಆರು ಗ್ಯಾರೇಜುಗಳಲ್ಲಿ ಒಂದು ಒಪ್ಪಿತು. ಅಲ್ಲಿಯೂ ಎರಡು ತಿಂಗಳಲ್ಲಿ ನಿಂತಿತು.

ಮೂರನೆಯ ದಿನ ಅವರ ಮನೆಯಲ್ಲಿ ಕೂತು ಚಾ ಕುಡಿಯುವಾಗ, ನಿಮಗೆ ಏನಾದರೂ ಆಸೆಯುಂಟೇ ಎಂದು ಕೇಳಿದೆ. ಬಾಗಿಲ ಹಿಂದಿನಿಂದ ಖತೀಜಮ್ಮ ನಕ್ಕರು.

"ಇವರ ಜೊತೆ ಬಸ್ಸಿನಲ್ಲಿ ಹೋಗ್ಲಿಕ್ಕೇ ಆಗುವುದಿಲ್ಲ ಮಾರಾಯ್ರೇ. ನನ್ನ ತಾಯಿಮನೆ ಬಂಟ್ವಾಳದಲ್ಲಿ. ಬಸ್ಸಿನಲ್ಲಿ ಎಲ್ಲರೂ ತೂಕಡಿಸ್ತಾರೆ. ಇವರು ಮಾತ್ರ ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಕೂತು, ಸೀಟಿನ ಸರಳು ಗಟ್ಟಿ ಹಿಡ್ಕೊಂಡು, ಗಾಲಿಯ ಸದ್ದಿಗೆ ಕಿವಿ ಕೊಟ್ಟು ಇರ್ತಾರೆ. ನನಗೂ ಮಾತಾಡ್ಲಿಕ್ಕೆ ಬಿಡುವುದಿಲ್ಲ."

ಹಸನಬ್ಬ ಚಾದ ಲೋಟ ಕೆಳಗಿಟ್ಟರು.

"ಅದೇ ಸಾರ್ ಆಸೆ. ಒಂದು ದಿನ ಬಸ್ಸು ಹತ್ತಬೇಕು. ಗಾಲಿ ಹಾಕಿದವನು ಯಾರು ಅಂತ ನನಗೆ ಗೊತ್ತಿರಬಾರದು. ಆದ್ರೂ ಟಿಕೆಟ್ ತೆಗೊಂಡು, ಇವಳ ಪಕ್ಕದಲ್ಲಿ ಕೂತು, ಬಂಟ್ವಾಳದವರೆಗೆ ನಿದ್ದೆ ಮಾಡ್ಬೇಕು."